ಊರು ಶಿಳ್ಳೆ ಹೊಡೆಯುವುದು ದುರ್ಯೋಧನನಿಗೆ: ಖಳರ ಬಗ್ಗೆ ಒಂದು ಚರ್ಚೆ

ಕೆರೆಕೋಡಿ, ಮಂಡ್ಯ

ಸುಗ್ಗಿ ಮುಗಿಯುತ್ತಿದ್ದ ಹಾಗೆ ನಮ್ಮ ಸೀಮೆಯಲ್ಲಿ ಊರೂರಿಗೂ ಕುರುಕ್ಷೇತ್ರ ನಾಟಕ ಏಳುತ್ತದೆ. ಪಾತ್ರ ಹಂಚುವ ದಿನವೇ ಯಾವ ಪಾತ್ರಕ್ಕೆ ಎಷ್ಟು ದುಡ್ಡು ಅಂತ ತೀರ್ಮಾನವಾಗುತ್ತದೆ. ಪಾತ್ರ ಬೇಕೆನ್ನುವವರು ಅಷ್ಟನ್ನು ಕೈಯಿಂದ ಹಾಕಬೇಕು. ಸೀನರಿ, ಹಾರ್ಮೋನಿಯಂ ಮೇಷ್ಟ್ರು, ಹೊರಗಿನಿಂದ ಬರುವ ಸ್ತ್ರೀ ಪಾತ್ರದವರು, ಮೈಕು, ಲೈಟು ಎಲ್ಲ ನಡೆಯುವುದು ಆ ದುಡ್ಡಿನಲ್ಲೇ. ಧರ್ಮರಾಯನ ಪಾತ್ರಕ್ಕೆ ಯಾರನ್ನಾದರೂ ಹಿಡಿದು ಒಪ್ಪಿಸಬೇಕು. ಕೃಷ್ಣ, ಕರ್ಣ, ದುರ್ಯೋಧನ ಇವರಿಗೆ ಪೈಪೋಟಿ. ದುರ್ಯೋಧನ ಗದೆ ಹೆಗಲಿಗೇರಿಸಿ ಬಂದರೆ ಬೀಳುವ ಶಿಳ್ಳೆ ಭೀಮನಿಗೆ ಬೀಳುವುದಿಲ್ಲ.

ಶಿಳ್ಳೆ ಹೊಡೆಯುವವರು ಅವನು ಮಾಡಿದ್ದು ಸರಿ ಎನ್ನುವವರೇನಲ್ಲ. ಅರಗಿನ ಮನೆ, ಪಗಡೆಯ ಮೋಸ, ತುಂಬಿದ ಸಭೆಯಲ್ಲಿ ದ್ರೌಪದಿಗೆ ಆದದ್ದು ಎಲ್ಲ ಬಾಯಲ್ಲೇ ಇದೆ. ಆದರೂ ಬೆಳಗಿನ ಜಾವ ಅವನು ತೊಡೆ ಮುರಿದು ಬಿದ್ದಾಗ ಮುಂದಿನ ಸಾಲಿನ ಅಜ್ಜಂದಿರು ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕಥೆಯಲ್ಲಿ ಕೆಟ್ಟವನಾದವನಿಗೆ ನಾವು ಹೀಗೆ ಮನಸ್ಸು ಕೊಡುವುದು ಯಾವಾಗ, ಯಾಕೆ? ಎಲ್ಲರ ಅಭಿಪ್ರಾಯ ಬೇಕು.

ನನ್ನದು ಮೊದಲು ಹೇಳಿಬಿಡುತ್ತೇನೆ. ಈಚಿನ ಸಿನಿಮಾ, ವೆಬ್ ಸರಣಿಗಳಲ್ಲಿ ಖಳನಿಗೆ ಆಳ ಬೇಕು ಅಂದರೆ ಚಿಕ್ಕಂದಿನ ಒಂದು ಗಾಯ ತೋರಿಸುತ್ತಾರೆ. ಅಪ್ಪ ಹೊಡೆದ, ಊರವರು ಅವಮಾನ ಮಾಡಿದರು, ಅದಕ್ಕೇ ಇವನು ಹೀಗಾದ. ಅಲ್ಲಿಗೆ ಅವನ ತಪ್ಪೆಲ್ಲ ಬೇರೆಯವರ ಲೆಕ್ಕಕ್ಕೆ ಹೋಯಿತು. ಪಾಪ ಅನ್ನಿಸುತ್ತದೆ, ಅಷ್ಟೇ. ನನ್ನನ್ನು ಅಲ್ಲಾಡಿಸುವ ಖಳನಿಗೆ ಹಿಂದಿರುಗುವ ದಾರಿ ಕಣ್ಣೆದುರೇ ಇರುತ್ತದೆ. ಅದೇ ಸರಿಯಾದ ದಾರಿ ಅಂತಲೂ ಅವನಿಗೆ ಗೊತ್ತಿರುತ್ತದೆ. ಗೊತ್ತಿದ್ದೂ ಅವನು ಆ ಕಡೆ ಕಾಲಿಡುವುದಿಲ್ಲ, ಯಾಕೆ ಇಡಲಿಲ್ಲ ಅನ್ನುವುದು ನಮಗೆ ಚೆನ್ನಾಗಿ ಅರ್ಥವಾಗುತ್ತದೆ.

ರನ್ನನ ಗದಾಯುದ್ಧ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತನೆಯ ಶತಮಾನದ ಕೊನೆಯ ಹೊತ್ತಿನ ಕಾವ್ಯ. ದುರ್ಯೋಧನ ಸಂಜಯನನ್ನು ಜೊತೆಗಿಟ್ಟುಕೊಂಡು ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಕರ್ಣ, ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣಕ್ಕೆ ಕೈಮುಗಿದು, ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ಇರುವ ಸಾವು ನನಗೂ ಬರಲಿ ಎನ್ನುತ್ತಾನೆ. ಹೆತ್ತವರು ಸಂಧಿ ಮಾಡಿಕೋ ಅಂತ ಬೇಡುತ್ತಾರೆ, ಶರಶಯ್ಯೆಯಲ್ಲಿರುವ ಭೀಷ್ಮ ಹೇಳುತ್ತಾನೆ. ಉಳಿಯುವ ದಾರಿ ಇನ್ನೂ ಮುಚ್ಚಿಲ್ಲ. ಅವನ ಉತ್ತರ: ನಾನು ಕಾದುತ್ತಿರುವುದು ನೆಲಕ್ಕಾಗಿ ಅಂದುಕೊಂಡಿರಾ? ಛಲಕ್ಕಾಗಿ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು ನೆಲ, ಇದರ ಜೊತೆ ಮತ್ತೆ ಬಾಳುವುದುಂಟೆ? ಈ ಮಾತು ತಪ್ಪು ಅಂತ ನನಗೆ ಗೊತ್ತು. ಓದುವಾಗೆಲ್ಲ ಗಂಟಲು ಕಟ್ಟುತ್ತದೆ.

ಒಂಟಿಕೊಪ್ಪಲು ಓದುಗಿ, ಮೈಸೂರು

ಅಣ್ಣ, ನಿಮ್ಮ ಬರಹ ತುಂಬ ಹಿಡಿಸಿತು. ಆದರೆ ಒಂದು ಕೇಳಲೇಬೇಕು. ಅವನು ಸತ್ತವರ ಮುಂದೆಲ್ಲ ನಿಂತ ಅಂದಿರಿ. ಬದುಕಿರುವ ದ್ರೌಪದಿಯ ಮುಂದೆ ಒಮ್ಮೆಯಾದರೂ ನಿಂತನೇ? ಅವನ ದುಃಖವೆಲ್ಲ ಅವನದೇ ಕಡೆಯವರಿಗೆ, ಇಲ್ಲವೇ ವೀರರಿಗೆ. ತಾನು ಹಾಳು ಮಾಡಿದ ಒಬ್ಬ ಹೆಂಗಸಿನ ಕಡೆಗೆ ಅದು ಒಂದು ಹೆಜ್ಜೆಯೂ ಹರಿಯುವುದಿಲ್ಲ. ಖಳನಿಗೆ ಆಳ ಕೊಡುವ ಕವಿಗಳು, ಅದಕ್ಕೆ ಶಿಳ್ಳೆ ಹೊಡೆಯುವ ನಾವು, ನೋವು ತಿಂದವರನ್ನು ಮೂಲೆಗೆ ಸರಿಸಿ ತಾನೇ ಇವನಿಗೆ ಜಾಗ ಮಾಡಿಕೊಡುವುದು?

ಹಳಗನ್ನಡ ಪ್ರಿಯ, ಕುವೆಂಪುನಗರ

ಓದುಗಿ ಅವರ ಪ್ರಶ್ನೆ ಗಟ್ಟಿಯಾದದ್ದು. ರನ್ನನಿಗೂ ಅದು ಹೊಳೆಯದೆ ಇರಲಿಲ್ಲ ಅನ್ನಿಸುತ್ತದೆ. ಅವನ ಕಾವ್ಯದ ನಾಯಕ ಭೀಮ. ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನನ್ನೇ ಭೀಮನ ಜೊತೆ ಸಮೀಕರಿಸಿ ಬರೆದಿದ್ದಾನೆ. ಕಾವ್ಯಕ್ಕೆ ಸಾಹಸಭೀಮ ವಿಜಯ ಅಂತಲೇ ಇನ್ನೊಂದು ಹೆಸರು. ದ್ರೌಪದಿಯ ಬಿಚ್ಚಿದ ಮುಡಿ, ಅದನ್ನು ಕಟ್ಟಿಸುವ ಭೀಮನ ಪ್ರತಿಜ್ಞೆ, ಇವು ಕಾವ್ಯದೊಳಗೇ ಇವೆ. ದುರ್ಯೋಧನನನ್ನು ದುರಂತ ನಾಯಕ ಎಂದು ಎತ್ತಿ ಹಿಡಿಯುವ ಓದು ಬಲವಾದದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದರಲ್ಲಿ ನಮ್ಮ ಮಹಾರಾಜ ಕಾಲೇಜಿನ ಪಾಲು ದೊಡ್ಡದು. ಗ್ರೀಕ್ ರುದ್ರನಾಟಕಗಳನ್ನು ಮೈಗೂಡಿಸಿಕೊಂಡಿದ್ದ ಬಿ.ಎಂ.ಶ್ರೀ. ಅವರು ರನ್ನನ ಕಾವ್ಯವನ್ನೇ ನಾಟಕವಾಗಿ ಜೋಡಿಸಿ 1926ರಲ್ಲಿ ಕೊಟ್ಟರು. ನಾವೆಲ್ಲ ಆ ಕಣ್ಣಿನಿಂದ ಓದಿ ಬೆಳೆದವರು.

ಕೆರೆಕೋಡಿಯವರೇ, ನಿಮ್ಮ ಮಾತಿಗೆ ಇನ್ನೂ ಹರಿತವಾದ ಒಂದು ಸಾಕ್ಷಿ ಕೊಡುತ್ತೇನೆ. ಪಂಪಭಾರತದಲ್ಲಿ, ಅಂದರೆ ಕ್ರಿ.ಶ. 941ರ ಕಾವ್ಯದಲ್ಲಿ, ದುರ್ಯೋಧನ ಕರ್ಣನ ಜೊತೆ ಸತ್ಯಂತಪ ಎಂಬ ಮುನಿಯ ಆಶ್ರಮಕ್ಕೆ ಹೋಗುತ್ತಾನೆ. ಮುನಿ ರಾಜನನ್ನು ಬಿಟ್ಟು ಕರ್ಣನಿಗೆ ಮೊದಲು ಆದರ ತೋರಿಸುತ್ತಾನೆ. ಕಾರಣ ಕೇಳಿದಾಗ ಕರ್ಣ ಕುಂತಿಯ ಮಗ ಎಂಬ ಗುಟ್ಟು ಹೊರಬೀಳುತ್ತದೆ. ದುರ್ಯೋಧನ ಅದನ್ನು ಕರ್ಣನಿಗೆ ಹೇಳುವುದಿಲ್ಲ. ಮುಳ್ಳಿನಿಂದ ಮುಳ್ಳು ತೆಗೆಯಬಹುದು ಎಂದು ಒಳಗೇ ಸಂತೋಷಪಡುತ್ತಾನೆ. ಮುಂದೆ ರನ್ನನಲ್ಲಿ ಕರ್ಣನ ಹೆಣದ ಮುಂದೆ ಅವನು ಆಡುವ ಮಾತು ನೋಡಿ: ನೀನು ಯಾರ ಮಗ ಅಂತ ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ, ಸೂರ್ಯನಿಗೆ, ಸಹದೇವನಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ.

ಅಂದರೆ ಅಣ್ಣತಮ್ಮಂದಿರ ಕೈಯಲ್ಲಿ ಇವನು ಸಾಯುತ್ತಾನೆ ಎಂದು ತಿಳಿದೇ ಇಷ್ಟು ವರ್ಷ ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಹಾಗಾದರೆ ಆ ಗೆಳೆತನ ಸುಳ್ಳೇ? ಕವಿ ಹಾಗೆ ಹೇಳಲು ಬಿಡುವುದಿಲ್ಲ. ಆ ಹೆಣದ ಮುಂದಿನ ಅಳುವಿನಲ್ಲಿ ನಾಟಕವಿಲ್ಲ. ಪ್ರೀತಿಸಿದ್ದೂ ಹೌದು, ಬಳಸಿಕೊಂಡದ್ದೂ ಹೌದು. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟು ತೋರಿಸಿದ್ದಾರಲ್ಲ, ಇದಕ್ಕಿಂತ ಸಂಕೀರ್ಣನಾದ ಖಳನನ್ನು ನಾನು ಬೇರೆ ಭಾಷೆಯ ಅನುವಾದಗಳಲ್ಲೂ ಹೆಚ್ಚು ಕಂಡಿಲ್ಲ.

ಒಂಟಿಕೊಪ್ಪಲು ಓದುಗಿ, ಮೈಸೂರು

ಸರ್, ಸತ್ಯಂತಪನ ಪ್ರಸಂಗ ನನಗೆ ಗೊತ್ತಿರಲಿಲ್ಲ. ಓದಿ ಮೈ ಜುಮ್ಮೆಂದಿತು. ಇನ್ನು ಮೇಲೆ ಯಾರಾದರೂ ಗೆಳೆತನಕ್ಕೆ ದುರ್ಯೋಧನ ಕರ್ಣರನ್ನು ಉದಾಹರಣೆ ಕೊಟ್ಟರೆ ಇದನ್ನು ಹೇಳಿಯೇ ತೀರುತ್ತೇನೆ.

ಗದೆ ಹಿಡಿದವನು, ಮದ್ದೂರು ಕಡೆ

ಎಲ್ರಿಗೂ ನಮಸ್ಕಾರ. ನಾನು ಓದ್ದೋನಲ್ಲ, ಆದ್ರೆ ದುರ್ಯೋಧನನ್ ಪಾರ್ಟು ಮಾಡಿವ್ನಿ, ಈಗ್ಲೂ ಮಾಡ್ತಿವ್ನಿ. ಹೆಗಲಿಗೆ ಗದೆ, ತಲೆಗೆ ಕಿರೀಟ, ಬಣ್ಣದ ಮೇಲೆ ಬೆವರು, ಇದೆಲ್ಲ ಗೊತ್ತಿರೋದ್ರಿಂದ ಎರಡು ಮಾತು ಹೇಳ್ತೀನಿ.

ನಮ್ ಮೇಷ್ಟ್ರು ರಿಹರ್ಸಲ್ಲಲ್ಲಿ ನನಗೆ ಜಾಸ್ತಿ ತಿದ್ದಿದ್ದು ಹಾಡನ್ನಲ್ಲ, ಕೂರೋದನ್ನ. ಸಂಧಾನದ ಸೀನಲ್ಲಿ ಕೃಷ್ಣ ಬಂದು ಐದು ಊರಾದ್ರೂ ಕೊಡು ಅಂತ ಕೇಳ್ತಾನಲ್ಲ, ಆಗ ಹೆಂಗೆ ಬೆನ್ನು ನೆಟ್ಟಗೆ ಮಾಡ್ಕಂಡು ಕೂತಿರ್ತಿಯೋ, ಕರ್ಣನ ಹೆಣದ ಮುಂದೂ ಬೆನ್ನು ಅಂಗೇ ಇರ್ಬೇಕು ಅನ್ನೋರು. ನಾನು ಮೊದಮೊದ್ಲು ಅಲ್ಲಿ ಕುಸಿದು ಬೀಳ್ತಿದ್ದೆ. ಮೇಷ್ಟ್ರು ಹಾರ್ಮೋನಿಯಂ ನಿಲ್ಸಿ, ನೀನು ಅಂಗೆ ಬಿದ್ರೆ ಜನ ಇವ್ನಿಗೆ ಬುದ್ಧಿ ಬಂತು ಅನ್ಕತಾರೆ, ಬುದ್ಧಿ ಬಂದಿಲ್ಲ ಕಣೋ, ದುಃಖ ಬಂದದೆ ಅಷ್ಟೇ, ಅಂದ್ರು. ಕೆರೆಕೋಡಿ ಅಣ್ಣ ಹೇಳ್ತಿರೋದೂ ಇದನ್ನೇ ಅಲ್ವಾ? ಅವತ್ತಿಂದ ಕಿರೀಟ ಒಂದನ್ನ ಕೈಗೆ ತಗತೀನಿ, ಬೆನ್ನು ಬಗ್ಗಿಸಲ್ಲ. ಶಿಳ್ಳೆ ನಿಂತೋಯ್ತದೆ ಆ ಟೈಮಲ್ಲಿ.

ಇನ್ನೊಂದು, ಓದುಗಿ ಅಕ್ಕನ ಮಾತಿಗೆ. ನಮ್ ಮೇಷ್ಟ್ರ ಪ್ರತಿಯಲ್ಲಿ ಪಗಡೆ ಆಟದ ಸೀನೇ ಇಲ್ಲ. ನಾಟಕ ಶುರುವಾಗದೇ ವನವಾಸ, ಅಜ್ಞಾತವಾಸ ಎಲ್ಲ ಮುಗಿದ ಮೇಲೆ. ಅಂದ್ರೆ ನಮ್ ಜನಕ್ಕೆ ಇಡೀ ರಾತ್ರಿ ಕಾಣೋ ದುರ್ಯೋಧನ ಯಾರು? ರಾಜ, ಗೆಳೆಯ, ಮಗನ್ನ ಕಳ್ಕಂಡ ಅಪ್ಪ. ಸೀರೆ ಎಳ್ಸಿದ್ ದುರ್ಯೋಧನ ಕಾಣೋದೇ ಇಲ್ಲ. ಪಾರ್ಟು ಮಾಡೋ ನನಗೂ ಇದು ಈ ಚರ್ಚೆ ಓದೋವರ್ಗೂ ತಲೆಗೆ ಬಂದಿರ್ಲಿಲ್ಲ.

ಕೆರೆಕೋಡಿ, ಮಂಡ್ಯ

ಗದೆ ಹಿಡಿದ ಅಣ್ಣ, ನಿಮ್ಮ ಮಾತು ಇಡೀ ಚರ್ಚೆಯನ್ನೇ ತಿರುಗಿಸಿತು. ಶಿಳ್ಳೆಯ ಹಿಂದೆ ಯಾವ ಸೀನು ಇದೆ, ಯಾವುದು ಇಲ್ಲ ಅನ್ನುವ ಲೆಕ್ಕ ನಾನು ಹಾಕಿರಲಿಲ್ಲ.

ಮಾನಸಗಂಗೋತ್ರಿ ಹುಡುಗ

ಚಿಕ್ಕಂದಿನ ಗಾಯ ಕೊಟ್ಟರೆ ಖಳ ಸಣ್ಣವನಾಗುತ್ತಾನೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜನಪದರ ಶಕುನಿಯನ್ನು ನೋಡಿ. ವ್ಯಾಸಭಾರತದಲ್ಲಿ ಇಲ್ಲದ ಕಥೆಯನ್ನು ನಮ್ಮ ಜನ ಅವನಿಗೆ ಕಟ್ಟಿಕೊಟ್ಟರು. ಕೌರವರು ಅವನ ಅಪ್ಪನನ್ನೂ ಅಣ್ಣತಮ್ಮಂದಿರನ್ನೂ ಸೆರೆಯಲ್ಲಿಟ್ಟು ಒಂದೊಂದು ಅಗುಳು ಹಾಕಿ ಕೊಲ್ಲುತ್ತಾರೆ. ಎಲ್ಲರೂ ತಮ್ಮ ಪಾಲಿನ ಅಗುಳನ್ನು ಇವನಿಗೆ ಕೊಟ್ಟು ಒಬ್ಬನನ್ನು ಉಳಿಸುತ್ತಾರೆ. ಸತ್ತ ಅಪ್ಪನ ಮೂಳೆಯಿಂದಲೇ ಇವನ ದಾಳ. ಈಗ ಅವನು ದುರ್ಯೋಧನನ ಪಕ್ಕದಲ್ಲಿ ಕೂತು, ಮಾವ ಮಾವ ಎಂದು ನಂಬಿದ ಅಳಿಯನನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತಾನೆ. ಗಾಯವೇ ಇಲ್ಲದಿದ್ದರೆ ಶಕುನಿ ಬರೀ ಚಾಡಿಕೋರ. ಗಾಯ ಬಂದ ಮೇಲೆ ಅವನು ನಿಷ್ಠಾವಂತ. ನಿಷ್ಠೆ ಯಾರಿಗೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ. ತಂಗಿಯ ಮನೆಯ ಅನ್ನ ತಿನ್ನುತ್ತ ತಂಗಿಯ ಮಕ್ಕಳನ್ನೇ ಕೊಲ್ಲಿಸುವವನ ಒಳಗೆ ಏನೇನು ನಡೆದಿರಬೇಕು!

ತುಘಲಕ್ ಬಗ್ಗೆ ಯಾರೂ ಎತ್ತಲಿಲ್ಲವಲ್ಲ ಎಂದು ಆಶ್ಚರ್ಯ. ಕಾರ್ನಾಡರ 1964ರ ಆ ನಾಟಕದಲ್ಲಿ ಸುಲ್ತಾನನಿಗೆ ಗಾಯದ ಕಥೆ ಅಷ್ಟು ಮುಖ್ಯವಲ್ಲ, ಕನಸು ಮುಖ್ಯ. ಹಿಂದೂ ಮುಸ್ಲಿಮರನ್ನು ಸಮವಾಗಿ ಕಾಣಬೇಕು, ನ್ಯಾಯಾಲಯದಲ್ಲಿ ರಾಜನ ಮೇಲೂ ದಾವೆ ಹೂಡುವಂತಿರಬೇಕು. ಆ ಒಳ್ಳೆಯ ಕನಸಿಗಾಗಿಯೇ ಅವನು ಪ್ರಾರ್ಥನೆಯ ವೇಳೆಯನ್ನೂ ಕೊಲೆಗೆ ಬಳಸುತ್ತಾನೆ. ಕೊನೆಗೆ ಅಗಸ ಅಜೀಜ ತನ್ನ ಮೋಸಗಳನ್ನೆಲ್ಲ ಒಪ್ಪಿಕೊಂಡಾಗ ಶಿಕ್ಷೆ ಕೊಡದೆ ಅಧಿಕಾರ ಕೊಡುತ್ತಾನೆ. ಎದುರಿಗೆ ನಿಂತ ಕಳ್ಳ ತನ್ನದೇ ರಾಜನೀತಿಯನ್ನು ಸಣ್ಣ ಪ್ರಮಾಣದಲ್ಲಿ ಮಾಡಿದವನು ಎಂದು ಅವನಿಗೆ ತಿಳಿದಿದೆ.

ಸರಸ್ವತಿಪುರಂ

ಎಲ್ಲರೂ ರಾಜರನ್ನೇ ಹಿಡಿದುಕೊಂಡಿದ್ದೀರಿ. ನಾನು ಒಬ್ಬ ಮೇಷ್ಟ್ರನ್ನು ತರುತ್ತೇನೆ: ಚಾಮಯ್ಯ ಮೇಷ್ಟ್ರು. ಕೆಲವರಿಗೆ ಕೋಪ ಬರಬಹುದು, ಆದರೂ ಓದಿ.

ನಾಗರಹಾವು, 1972. ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾ. ಮೇಷ್ಟ್ರ ಪಾತ್ರದಲ್ಲಿ ನಮ್ಮ ಮೈಸೂರಿನ ಅಶ್ವತ್ಥ್. ಆ ಮುಖದಲ್ಲಿ ಕೆಡುಕಿನ ಗೆರೆ ಒಂದೂ ಇಲ್ಲ. ರಾಮಾಚಾರಿಯನ್ನು ಹೆತ್ತವರಿಗಿಂತ ಹೆಚ್ಚು ಅರ್ಥ ಮಾಡಿಕೊಂಡವರು ಅವರು. ಆ ಪ್ರೀತಿಯ ಬಲದಿಂದಲೇ, ಅವನು ಮೆಚ್ಚಿದ ಹುಡುಗಿ ಅಲಮೇಲುವನ್ನು ಬಿಟ್ಟುಕೊಡು ಅಂತ ಶಿಷ್ಯನನ್ನು ಒಪ್ಪಿಸುತ್ತಾರೆ. ಜಾತಿ, ಸಂಪ್ರದಾಯ, ಊರಿನ ಮಾತು ಎಲ್ಲವೂ ಅವರ ಬಾಯಲ್ಲಿ ಹಿತವಚನವಾಗಿ ಬರುತ್ತದೆ. ಹುಡುಗ ಗುರುವಿನ ಮಾತಿಗೆ ತಲೆಬಾಗುತ್ತಾನೆ. ಮದುವೆಯಾದ ಗಂಡನೇ ಅಲಮೇಲುವನ್ನು ಮಾರಿಕೊಂಡು ಅವಳ ಬದುಕು ವೇಶ್ಯೆಯ ಕೋಣೆಗೆ ಬಂದು ಮುಟ್ಟುತ್ತದೆ.

ಆ ಕಥೆಯಲ್ಲಿ ಕಣ್ಣಿಗೆ ಕಾಣುವ ಕೆಟ್ಟವರು ಬೇರೆ ಇದ್ದಾರೆ, ಅವರನ್ನು ಬೈದು ಮುಗಿಸುವುದು ಸುಲಭ. ಆದರೆ ಎರಡು ಜೀವಗಳ ದಾರಿ ತಿರುಗಿಸಿದ ಕೈ ಮೇಷ್ಟ್ರದು. ಅವರನ್ನು ಖಳ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ, ಅವರದೇನೂ ತಪ್ಪಿಲ್ಲ ಅನ್ನಲೂ ಆಗುವುದಿಲ್ಲ. ದುರ್ಯೋಧನನಂಥವರು ನಮ್ಮ ಬದುಕಿನಲ್ಲಿ ಸಿಗುವುದು ಅಪರೂಪ. ಒಳ್ಳೆಯದಕ್ಕೇ ಹೇಳ್ತಿದ್ದೀನಿ ಮಗು ಎಂದು ಹೇಳಿ ಹಾಳು ಮಾಡುವವರು ಮನೆಮನೆಯಲ್ಲೂ ಇದ್ದಾರೆ. ಅದಕ್ಕೇ ಈ ಪಾತ್ರ ನನ್ನನ್ನು ಹೆಚ್ಚು ಹೆದರಿಸುತ್ತದೆ.

ಹಳಗನ್ನಡ ಪ್ರಿಯ, ಕುವೆಂಪುನಗರ

ಚಾಮಯ್ಯ ಮೇಷ್ಟ್ರ ಬಗ್ಗೆ ಹೀಗೆ ಯೋಚಿಸಿದ್ದು ಧೈರ್ಯದ ಕೆಲಸ. ಆದರೆ ಕೆರೆಕೋಡಿಯವರ ಅಳತೆಗೆ ಅವರು ಸಿಗುವುದಿಲ್ಲ, ಅಲ್ಲವೇ? ತಾನು ಮಾಡುತ್ತಿರುವುದು ತಪ್ಪು ಎಂದು ಮೇಷ್ಟ್ರಿಗೆ ಆ ಗಳಿಗೆಯಲ್ಲಿ ಗೊತ್ತೇ ಇಲ್ಲ.

ಆ ಅಳತೆಗೆ ಸರಿಯಾಗಿ ಕೂರುವವನು ಹಳಗನ್ನಡದ ಜೈನ ಕವಿ ನಾಗಚಂದ್ರನ ರಾವಣ. ಜೈನ ರಾಮಾಯಣದ ರಾವಣನಿಗೆ ಒಂದು ವ್ರತವಿದೆ: ಒಲಿಯದ ಪರಸ್ತ್ರೀಯನ್ನು ಮುಟ್ಟುವುದಿಲ್ಲ. ಆದರೂ ಸೀತೆಯನ್ನು ಕದ್ದು ತರುತ್ತಾನೆ. ರಾಮನ ಕಥೆ ಮುಗಿಯಿತು ಎಂಬಂತೆ ಅವಳ ಮುಂದೆ ಮಾತಾಡಿದಾಗ ಅವಳು ಮೂರ್ಛೆ ಹೋಗುತ್ತಾಳೆ. ಅದನ್ನು ಕಂಡು ಇವನ ಮನಸ್ಸು ಪೂರ್ತಿ ತಿರುಗಿಬಿಡುತ್ತದೆ, ಅವಳ ಮೇಲಿನ ಆಸೆ ಅಲ್ಲೇ ಆರಿಹೋಗುತ್ತದೆ. ಒಪ್ಪಿಸಿಬಿಡೋಣ ಎಂದು ತೀರ್ಮಾನವನ್ನೂ ಮಾಡುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿ ಕೊಟ್ಟ ಎಂದು ಲೋಕ ಆಡಿಕೊಳ್ಳುತ್ತದೆ. ಯುದ್ಧದಲ್ಲಿ ರಾಮ ಲಕ್ಷ್ಮಣರನ್ನು ಸೆರೆಹಿಡಿದು ಆಮೇಲೆ ಗೌರವದಿಂದ ಕೊಡುತ್ತೇನೆ ಎನ್ನುತ್ತಾನೆ. ಆ ಯುದ್ಧದಲ್ಲೇ ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ. ಪಶ್ಚಾತ್ತಾಪ ಬಂದ ಮೇಲೂ ಒಂದು ಯುದ್ಧದಷ್ಟು ಅಹಂಕಾರ ಉಳಿದಿತ್ತು. ಅಷ್ಟಕ್ಕೇ ಎಷ್ಟು ತಲೆ ಉರುಳಿದವು!

ಓದುಗಿ ಅವರು ಗಮನಿಸಬೇಕು: ಇಲ್ಲಿ ಖಳನ ಮನಸ್ಸು ತಿರುಗಿಸುವುದು ನೋವು ತಿಂದವಳೇ. ಕುವೆಂಪು 1949ರ ಶ್ರೀರಾಮಾಯಣ ದರ್ಶನಂನಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ದಶಾನನ ಸ್ವಪ್ನಸಿದ್ಧಿ ಎಂಬ ಭಾಗದಲ್ಲಿ ಕನಸಿನೊಳಗೆ ರಾವಣ ಸೀತೆಯ ಮಡಿಲ ಕೂಸಾಗುತ್ತಾನೆ. ಹೆಣ್ಣೆಂದು ಬಯಸಿದವಳನ್ನು ತಾಯಿಯೆಂದು ಕಾಣುವಲ್ಲಿಗೆ ಅವನನ್ನು ತಲುಪಿಸಿದ್ದಾರೆ.

ಒಂಟಿಕೊಪ್ಪಲು ಓದುಗಿ, ಮೈಸೂರು

ಸರ್, ದಶಾನನ ಸ್ವಪ್ನಸಿದ್ಧಿ ನನಗೂ ಪ್ರಿಯವಾದದ್ದು. ಆದರೆ ಅಲ್ಲೂ ಸೀತೆಗೆ ಸಿಗುವ ಕೆಲಸ ರಾವಣನನ್ನು ಉದ್ಧಾರ ಮಾಡುವುದೇ. ಅಶೋಕವನದಲ್ಲಿ ಅವಳು ಕಳೆದ ದಿನಗಳ ಸಿಟ್ಟು ಎಲ್ಲಿ ಹೋಯಿತು? ಖಳನ ಪಶ್ಚಾತ್ತಾಪ ನಮಗೆ ಅಷ್ಟು ಮುಖ್ಯವಾದಾಗ, ಕ್ಷಮಿಸುವ ಭಾರವೂ ಹೆಂಗಸಿನ ಮೇಲೇ ಬೀಳುತ್ತದೆ. ಕವಿಗಳ ಮೇಲಿನ ಗೌರವದಿಂದಲೇ ಕೇಳುತ್ತಿದ್ದೇನೆ.

ಬೆಟ್ಟದ ಪಾದ, ಮೈಸೂರು

ನಮ್ಮೂರಿನವರಾಗಿ ಮಹಿಷನನ್ನು ಬಿಟ್ಟರೆ ಹೇಗೆ? ಊರಿನ ಹೆಸರೇ ಅವನದು. ಚಾಮುಂಡಿ ಬೆಟ್ಟ ಹತ್ತಿದವರು ದೇವಿಯ ದರ್ಶನಕ್ಕೆ ಮೊದಲು ನಿಲ್ಲುವುದು ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದ ಆ ಪ್ರತಿಮೆಯ ಮುಂದೆ. ಮಹಿಷ ನಿಜವಾಗಿ ಯಾರು ಎಂಬ ವಾದ ಪ್ರತಿ ದಸರೆಗೂ ಏಳುತ್ತದೆ, ನಂಬಿಕೆಯ ಆ ವಿಚಾರವನ್ನು ಇಲ್ಲಿ ಎಳೆಯುವುದಿಲ್ಲ. ಪಾತ್ರವಾಗಿ ಮಾತ್ರ ಹೇಳುತ್ತೇನೆ. ಭೂಕೈಲಾಸದಲ್ಲಿ (1958) ರಾವಣ, ಮಹಿಷಾಸುರ ಮರ್ದಿನಿಯಲ್ಲಿ (1959) ಮಹಿಷ, ಭಕ್ತ ಪ್ರಹ್ಲಾದದಲ್ಲಿ (1983) ಹಿರಣ್ಯಕಶಿಪು, ಮೂವರೂ ರಾಜ್‌ಕುಮಾರ್. ಜನ ದೇವರಂತೆ ಕಂಡ ನಟ ಅಸುರನಾಗಿ ಬಂದರೆ ದ್ವೇಷಿಸುವುದು ಹೇಗೆ? ಮಗನ ಮೇಲಿನ ಪ್ರೀತಿ, ಮಗನ ದೇವರ ಮೇಲಿನ ಹಗೆ ಎರಡೂ ಒಂದೇ ಮುಖದಲ್ಲಿ ಬರುವಾಗ ನನಗೆ ಪ್ರಹ್ಲಾದನಿಗಿಂತ ಅವನಪ್ಪನ ಚಿಂತೆಯೇ ಆಗುತ್ತಿತ್ತು.

ಕೆರೆಕೋಡಿ, ಮಂಡ್ಯ

ಓದುಗಿ ಅವರೇ, ನೀವು ಮೊದಲಿಂದ ಹಿಡಿದ ಪಟ್ಟು ಬಿಡಲಿಲ್ಲ, ಬಿಡಬಾರದು ಕೂಡ. ನಾನು ಹೇಳಿದ ಅಳತೆಗೆ ಇದನ್ನು ಸೇರಿಸಿಕೊಳ್ಳುತ್ತೇನೆ: ಅವನು ಏನನ್ನು ಬಿಟ್ಟುಕೊಡಲಿಲ್ಲ ಅನ್ನುವುದರ ಜೊತೆಗೆ, ಅದರ ಬೆಲೆ ಯಾರು ತೆತ್ತರು ಅನ್ನುವುದೂ ರಂಗದ ಮೇಲೆ ಕಾಣಬೇಕು. ಎರಡನ್ನೂ ನೋಡಿ ಆಮೇಲೆ ಅಜ್ಜಂದಿರು ಕಣ್ಣೊರೆಸಿಕೊಂಡರೆ ಆ ಕಣ್ಣೀರಿಗೆ ನಾನು ಮರ್ಯಾದೆ ಕೊಡುತ್ತೇನೆ. ಗದೆ ಹಿಡಿದ ಅಣ್ಣ, ನಿಮ್ಮ ಪ್ರತಿಯಲ್ಲಿ ದ್ರೌಪದಿಗೆ ಮಾತೇ ಇಲ್ಲವೇ?

ಗದೆ ಹಿಡಿದವನು, ಮದ್ದೂರು ಕಡೆ

ಅದೆ ಅಣ್ಣ. ಕೃಷ್ಣ ಸಂಧಾನಕ್ಕೆ ಹೊರಡೋ ಮುಂಚೆ ದ್ರೌಪದಿ ಬಂದು ಬಿಚ್ಚಿದ ಮುಡಿ ತೋರ್ಸಿ, ಇದನ್ನ ಮರೀಬೇಡ ಅಂತಾಳೆ. ಒಂದು ಕಂದಪದ್ಯ, ಒಂದು ಹಾಡು, ಎರಡು ಕಡೆ ಮಾತು. ಆದ್ರೆ ಹಾರ ಹಾಕೋರು, ಶಾಲು ಹೊದ್ಸೋರು, ಮೈಕಲ್ಲಿ ಹೆಸರು ಕೂಗೋದು, ಇದ್ರಲ್ಲೇ ಟೈಮೆಲ್ಲ ಓಯ್ತದೆ. ಲೇಟಾಯ್ತು ಅಂದ ತಕ್ಷಣ ಮೊದ್ಲು ಎತ್ತಾಕೋದು ಆ ಸೀನನ್ನೇ. ದ್ರೌಪದಿ ಪಾರ್ಟಿನೋರು ಬಣ್ಣ ಹಚ್ಕಂಡು ಸೈಡ್‌ವಿಂಗಲ್ಲಿ ಕಾದ್ಕಂಡು ಕೂತಿರ್ತಾರೆ, ಅವ್ರಿಗೆ ಮಾತೆಲ್ಲ ಬಾಯ್ಪಾಠ, ಆದ್ರೂ ಬಿಡಲ್ಲ.

ನೆನ್ನೆ ಸಂಜೆ ಮೇಷ್ಟ್ರಿಗೆ ಫೋನ್ ಮಾಡಿ ಕೇಳ್ದೆ. ಸೀನು ಉಳಿಸ್ಬೇಕು ಅಂದ್ರೆ ಹಾರ ಹಾಕೋರ್ನೆಲ್ಲ ಅಭಿಮನ್ಯು ಸೀನಿನ ತಂಕ ತಡೀಬೇಕು, ಅದನ್ನ ಊರೋರ ಹತ್ರ ನೀನೇ ಒಪ್ಸು ಅಂದ್ರು. ದುರ್ಯೋಧನನ್ ಪಾರ್ಟಿಗೆ ಹಾರ ಜಾಸ್ತಿ ಬೀಳೋದು, ಹಂಗಾಗಿ ನಾನೇ ಹೇಳಿದ್ರೆ ಕೇಳ್ತಾರೆ ಅನ್ಸುತ್ತೆ. ಭಾನುವಾರ ಪಂಚಾಯ್ತಿ ಕಟ್ಟೇಲಿ ಸೇರ್ತೀವಿ.

ಒಂಟಿಕೊಪ್ಪಲು ಓದುಗಿ, ಮೈಸೂರು

ಅಣ್ಣ, ನಾಟಕದ ತಾರೀಖು ಗೊತ್ತಾದ ಕೂಡಲೇ ಇಲ್ಲಿ ಹಾಕಿ. ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ. ಹಾರ ತಂದರೆ ಅದು ದ್ರೌಪದಿಗೆ.

ಗದೆ ಹಿಡಿದವನು, ಮದ್ದೂರು ಕಡೆ

ಬನ್ನಿ ಅಕ್ಕ. ಆ ಸೀನು ಇರ್ತದೆ.